ಜೇನಿನ ಬಾಗಿಲು ಎಷ್ಟು ತೆರೆಯಬೇಕು?

ಮಾರ್ಚ್ ಕಳೆಯುವ ಹೊತ್ತಿಗೆ ಗುಂಡ್ಲುಪೇಟೆಯ ಹೊಲಗಳ ಮಣ್ಣು ಕಾದಿರುತ್ತದೆ, ಬಂಡೀಪುರದ ಅಂಚಿನ ಕಾಡು ಎಲೆ ಉದುರಿಸಿ ನಿಂತಿರುತ್ತದೆ. ಮಳೆ ಬಿದ್ದು ಸೂರ್ಯಕಾಂತಿ ಅರಳಲು ಇನ್ನೂ ತಿಂಗಳುಗಳಿವೆ. ಈ ದಿನಗಳಲ್ಲಿ ಮಧ್ಯಾಹ್ನ ಜೇನುಪೆಟ್ಟಿಗೆಯ ಬಾಗಿಲಲ್ಲಿ ಒಂದಷ್ಟು ನೊಣಗಳು ಕಾಲೂರಿ ನಿಂತು, ಎಲ್ಲಿಗೂ ಹಾರದೆ, ರೆಕ್ಕೆ ಮಾತ್ರ ಬಡಿಯುತ್ತಿರುತ್ತವೆ. ಸೆಖೆ ಹೆಚ್ಚಾಯಿತೆಂದು ಹೊಸ ಸಾಕಣೆದಾರರ ಕೈ ತಕ್ಷಣ ಬಾಗಿಲು ಅಗಲ ಮಾಡಲು ಹೋಗುತ್ತದೆ. ಸ್ವಲ್ಪ ತಡೆಯುವುದು ಒಳ್ಳೆಯದು.

ಎರಿಯಲ್ಲಿ ಮರಿಹುಳುಗಳು ಬೆಳೆಯುವ ಭಾಗ ಸುಮಾರು 33ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಬಿಸಿಲು ಅದನ್ನು ಮೀರಿಸತೊಡಗಿದಾಗ ನೊಣಗಳು ನೀರು ಹೊತ್ತು ತಂದು ಕೋಶಗಳಿಗೆ ಸವರುತ್ತವೆ, ನಾಲಗೆಯ ಮೇಲೂ ತೆಳುವಾಗಿ ಹರಡಿ ಆರಿಸುತ್ತವೆ. ನೀರು ಆವಿಯಾದಂತೆ ಮಣ್ಣಿನ ಹೂಜಿ ತಂಪಾಗುವ ಹಾಗೆ ಗೂಡೂ ತಂಪಾಗುತ್ತದೆ. ಆವಿ ಒಳಗೇ ನಿಂತುಬಿಟ್ಟರೆ ಈ ಶ್ರಮವೆಲ್ಲ ದಂಡ. ಅದಕ್ಕೇ ರೆಕ್ಕೆ ಬೀಸುವುದು. 1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಇಟಲಿಯ ಸಲೆರ್ನೊ ಬಳಿ ಸುಡುವ ಲಾವಾ ನೆಲದ ಮೇಲೆ ಒಂದು ಪೆಟ್ಟಿಗೆ ಇಟ್ಟು ನೋಡಿದರು. ನೀರು ಸಿಗುತ್ತಿದ್ದಷ್ಟು ಕಾಲ ಒಳಗಿನ ಉಷ್ಣತೆ 35 ಡಿಗ್ರಿಯ ಆಸುಪಾಸಿನಲ್ಲೇ ಉಳಿಯಿತು.

ಬೀಸುವ ನೊಣದ ಮುಖ ಯಾವ ಕಡೆಗಿದೆ ಎಂದು ನೋಡಿದರೆ ಅದರ ಜಾತಿ ಹೇಳಬಹುದು. ಯುರೋಪಿನ ಮೆಲ್ಲಿಫೆರಾ ತಲೆಯನ್ನು ಗೂಡಿನತ್ತ ಇಟ್ಟು ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ನಮ್ಮ ತುಡುವೆ ತಿರುಗಿ ನಿಲ್ಲುತ್ತದೆ: ತಲೆ ಹೊರಗೆ, ಬಾಲ ಬಾಗಿಲಿಗೆ. ಹೊರಗಿನ ಗಾಳಿಯನ್ನು ಅದು ಒಳಕ್ಕೆ ನೂಕುತ್ತದೆ. 2019ರಲ್ಲಿ ಹಾರ್ವರ್ಡ್‌ನ ಜೇಕಬ್ ಪೀಟರ್ಸ್, ಎಲ್. ಮಹಾದೇವನ್ ಮತ್ತು ಸಂಗಡಿಗರು ಮೆಲ್ಲಿಫೆರಾ ಗೂಡಿನ ಬಾಗಿಲುದ್ದಕ್ಕೂ ಉಷ್ಣತೆ, ಗಾಳಿಯ ಓಟ, ಬೀಸುವ ನೊಣಗಳ ದಟ್ಟಣೆ ಅಳೆದು ಪ್ರಕಟಿಸಿದರು. ಬಾಗಿಲಿನ ಬಿಸಿ ಜಾಗದಲ್ಲಿ ನೊಣಗಳು ಗುಂಪುಗೂಡಿ ಗಾಳಿಯನ್ನು ಹೊರಹಾಕುತ್ತವೆ, ಉಳಿದ ಜಾಗದಿಂದ ತಂಪು ಗಾಳಿ ತಾನಾಗಿ ಒಳಬರುತ್ತದೆ. ಯಾರ ಅಪ್ಪಣೆಯೂ ಇಲ್ಲ. ಪ್ರತಿ ನೊಣ ತಾನು ನಿಂತ ಕಡೆಯ ಬಿಸಿಗೆ ತಕ್ಕಂತೆ ಬೀಸುತ್ತದೆ, ಅಷ್ಟೆ.

ಮೆಲ್ಲಿಫೆರಾಕ್ಕೆಂದು ಬರೆದ ಕೈಪಿಡಿಯ ಸಲಹೆಯನ್ನು ತುಡುವೆಗೆ ಹಾಗೇ ಅನ್ವಯಿಸುವುದು ಕಷ್ಟ. ಮೆಲ್ಲಿಫೆರಾ ಗಿಡಮರಗಳ ಅಂಟು ತಂದು ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ಪೆಟ್ಟಿಗೆಯ ಸಂದುಗಳು ಗಾಳಿಗೆ ದಾರಿಯಾಗುವಂತೆ ಇರುವೆಗೂ ಮೇಣದ ಪತಂಗಕ್ಕೂ ದಾರಿಯಾಗುತ್ತವೆ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ತುಡುವೆ ಮರದ ಪೊಟರೆಯಲ್ಲಿ ಇರುತ್ತದೆ, ಸೋಲಿಗರಿಗೆ ಅದು ಚೆನ್ನಾಗಿ ಗೊತ್ತು. ಪೊಟರೆಯ ಬಾಯಿ ಎಷ್ಟೋ ಸಲ ಕೈ ತೂರದಷ್ಟು ಕಿರಿದು. ಆದರೂ ಬೇಸಿಗೆ ಕಳೆಯುತ್ತದೆ, ಏಕೆಂದರೆ ಸುತ್ತ ದಪ್ಪ ಮರವಿದೆ, ಮೇಲೆ ಕೊಂಬೆಯ ನೆರಳಿದೆ. ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿರುವ ನ್ಯೂಟನ್ ಪೆಟ್ಟಿಗೆಯ ಗೋಡೆ ತೆಳು ಹಲಗೆ. (ಈ ನ್ಯೂಟನ್‌ಗೂ ಸೇಬಿಗೂ ಸಂಬಂಧವಿಲ್ಲ; ಇವರು ಕಳೆದ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯ ಕಡೆ ಜೇನುಸಾಕಣೆ ಕಲಿಸಿದ ಪಾದ್ರಿ.) ಅಂಥ ಪೆಟ್ಟಿಗೆಯನ್ನು ಬಯಲು ಬಿಸಿಲಿಗೆ ಒಡ್ಡಿ ಬಾಗಿಲು ಮಾತ್ರ ಅಗಲಿಸಿದರೆ ಬೇಗೆ ಹಲಗೆಯಿಂದ ಇಳಿಯುತ್ತಲೇ ಇರುತ್ತದೆ. ಮೊದಲು ಬೇಕಾದದ್ದು ಹುಣಸೆ, ಹೊಂಗೆ ಅಥವಾ ತೆಂಗಿನ ನೆರಳು, ಮುಚ್ಚಳದ ಮೇಲೆ ಸೋಗೆ ಇಲ್ಲವೇ ಒದ್ದೆ ಗೋಣಿತಟ್ಟು, ಹತ್ತಿರದಲ್ಲಿ ಕಲ್ಲು ಹಾಕಿದ ತಟ್ಟೆಯಲ್ಲಿ ನೀರು. ಕಲ್ಲಿಲ್ಲದಿದ್ದರೆ ನೊಣಗಳು ನೀರಲ್ಲಿ ಬಿದ್ದು ಸಾಯುತ್ತವೆ.

ಅಗಲವಾದ ಬಾಗಿಲಿಗೆ ಕಾವಲು ಹೆಚ್ಚು ಬೇಕು. ಹೂವಿಲ್ಲದ ಕಾಲದಲ್ಲಿ ಬಲವಾದ ಕುಟುಂಬದ ನೊಣಗಳು ದುರ್ಬಲ ಪೆಟ್ಟಿಗೆಯನ್ನು ದೋಚುತ್ತವೆ. ಸಕ್ಕರೆ ಪಾನಕ ಚೆಲ್ಲಿದರಂತೂ ಕರೆದಂತೆ ಬರುತ್ತವೆ. ಕಣಜ ಬಂದರೆ ತುಡುವೆ ಬಾಗಿಲಲ್ಲೇ ಅದನ್ನು ಮುತ್ತಿ, ಮೈಯ ಬಿಸಿ ಏರಿಸಿ ಕೊಲ್ಲಬಲ್ಲದು. ಜಪಾನಿನ ಮಸಾತೊ ಓನೊ ತಂಡ ಅಲ್ಲಿನ ತುಡುವೆಯಲ್ಲಿ ಅಳೆದಾಗ ಆ ಉಂಡೆಯೊಳಗೆ ಸುಮಾರು 47 ಡಿಗ್ರಿ ಇತ್ತು. ಆದರೆ ಅದಕ್ಕೆ ನೂರಾರು ನೊಣಗಳು ಬೇಕು. ನಾಲ್ಕು ಎರಿಗಳಷ್ಟೇ ತುಂಬಿದ ಕುಟುಂಬ ಅಷ್ಟನ್ನು ಕಾವಲಿಗೇ ಬಿಟ್ಟುಕೊಡುವುದು ಕಷ್ಟ. ಇಂಥ ಕುಟುಂಬಕ್ಕೆ ಬೇಸಿಗೆಯಲ್ಲೂ ಎರಡು ಮೂರು ನೊಣ ಒಟ್ಟಿಗೆ ನುಸುಳುವಷ್ಟು ಜಾಗ ಸಾಕು. ನೊಣಗಳು ತುಂಬಿ ತುಳುಕುವ ಪೆಟ್ಟಿಗೆಯಾದರೆ, ನೆರಳು ನೀರು ಕೊಟ್ಟ ಮೇಲೂ ಸಂಜೆ ಬಾಗಿಲ ಹೊರಗೆ ಗೊಂಚಲಾಗಿ ಜೋತುಬಿದ್ದಿದ್ದರೆ, ಆಗ ಬಾಗಿಲನ್ನು ಕಿರಿದು ಮಾಡಿದ ಅಡ್ಡಪಟ್ಟಿ ಸರಿಸಿ ಪೂರ್ತಿ ಅಗಲ ಬಿಡಬಹುದು. ಎತ್ತರವನ್ನು ಮಾತ್ರ ಒಂದು ಸೆಂಟಿಮೀಟರಿನೊಳಗೇ ಇಟ್ಟರೆ ದೊಡ್ಡ ಕಣಜ ಸುಲಭವಾಗಿ ನುಗ್ಗದು.

ಸೆಖೆ ತಾಳದ ತುಡುವೆ ಪೆಟ್ಟಿಗೆ ಬಿಟ್ಟು ಪರಾರಿಯಾಗುವುದುಂಟು. ಬಾಗಿಲಿಗೆ ರಾಣಿ ನುಸುಳಲಾಗದಷ್ಟು ಕಿರಿದಾದ ಕಿಂಡಿಗಳ ರಾಣಿ ತಡೆ ಹಾಕಿದರೆ ನಿಲ್ಲಿಸಬಹುದೆಂದು ತೋರುತ್ತದೆ, ಆದರೆ ಮೈ ದೊಡ್ಡದಾದ ಗಂಡುನೊಣಗಳೂ ಅದರಲ್ಲಿ ಸಿಕ್ಕಿ ಸತ್ತು ಇರುವ ಕಿಂಡಿಯನ್ನೂ ಮುಚ್ಚುತ್ತವೆ.

ಜೂನ್, ಜುಲೈನಲ್ಲಿ ಗುಂಡ್ಲುಪೇಟೆಯಿಂದ ಊಟಿಗೂ ವಯನಾಡಿಗೂ ಹೋಗುವ ರಸ್ತೆಗಳ ಬದಿ ಸೂರ್ಯಕಾಂತಿ ಅರಳಿ ಹಳದಿಯಾಗುವಾಗ ಲೆಕ್ಕ ಬದಲಾಗುತ್ತದೆ. ಹೂವು ಬೇಕಾದಷ್ಟಿರುವುದರಿಂದ ದರೋಡೆ ಕಡಿಮೆ, ಓಡಾಟ ಹೆಚ್ಚು. ಕಿರಿದು ಮಾಡಿದ್ದ ಬಾಗಿಲನ್ನು ತೆರೆಯುವ ಕಾಲ ಅದು. ಪೆಟ್ಟಿಗೆಗಳನ್ನು ಹೊಲಕ್ಕೆ ಸಾಗಿಸುವುದು ರಾತ್ರಿ, ಬಾಗಿಲಿಗೆ ತಂತಿಬಲೆ ಕಟ್ಟಿ. ಗಾಳಿಯಾಡದಂತೆ ಮುಚ್ಚಿದರೆ ಗಾಬರಿಗೊಂಡ ನೊಣಗಳ ಬಿಸಿಗೇ ಮೇಣ ಮೆದುವಾಗಿ ಎರಿ ಕುಸಿಯುತ್ತದೆ. ಹೂಬಿಟ್ಟ ಹೊಲಕ್ಕೆ ಔಷಧಿ ಹೊಡೆಯುವ ದಿನ ಬಾಗಿಲು ಮುಚ್ಚಿಡುವವರಿದ್ದಾರೆ, ಹಗಲಿನ ಕಾವಿನಲ್ಲಿ ಅದೂ ಅಪಾಯವೇ. ನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಲು ಪಕ್ಕದ ಹೊಲದವರನ್ನು ಒಪ್ಪಿಸಿದರೆ ಹಗಲೆಲ್ಲ ಬಾಗಿಲು ಮುಚ್ಚುವ ಪ್ರಸಂಗ ಬರುವುದಿಲ್ಲ.