ಫ್ರೀ ವೈ-ಫೈಗೆ ಕನೆಕ್ಟ್ ಆದರೆ ಬ್ಯಾಂಕ್ ಖಾತೆ ಖಾಲಿ ಆಗುತ್ತದೆಯೇ?

"ಫ್ರೀ ವೈ-ಫೈಗೆ ಕನೆಕ್ಟ್ ಆದ ತಕ್ಷಣ ಹ್ಯಾಕರ್‌ಗಳು ನಿಮ್ಮ ಖಾತೆ ಖಾಲಿ ಮಾಡುತ್ತಾರೆ, ಎಲ್ಲರಿಗೂ ಕಳಿಸಿ" ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ಸುಳ್ಯ ದಾಟಿ ಮಡಿಕೇರಿ ಘಾಟಿ ಹತ್ತುವ ಮೊದಲು ಸಂಪಾಜೆಯಲ್ಲಿ ಚಹಾಕ್ಕೆ ನಿಂತಿದ್ದೀರಿ ಎಂದುಕೊಳ್ಳಿ. ಸಿಗ್ನಲ್ ಸರಿಯಿಲ್ಲ, ಪಾಸ್‌ವರ್ಡ್ ಇಲ್ಲದ ವೈ-ಫೈ ಒಂದು ಕಾಣುತ್ತಿದೆ. ಬಳಸಬಹುದೇ?

ಬಳಸಬಹುದು. ಕನೆಕ್ಟ್ ಆದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಆಮೇಲೆ ನಾವು ಏನು ಟೈಪ್ ಮಾಡುತ್ತೇವೆ, ಏನು ಇನ್‌ಸ್ಟಾಲ್ ಮಾಡುತ್ತೇವೆ ಎಂಬುದರಲ್ಲೇ ಹೆಚ್ಚಿನ ಅಪಾಯ ಇರುವುದು.

ಈ ಭಯ ಎಲ್ಲಿಂದ ಬಂತು?

ಹಿಂದೆ ಇದು ನಿಜವೇ ಆಗಿತ್ತು. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ ಬಳಸಿ, ಪಾಸ್‌ವರ್ಡ್ ಇಲ್ಲದ ವೈ-ಫೈನಲ್ಲಿ ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಹೋಗಬಹುದಿತ್ತು. ಆಗ ಬಹಳಷ್ಟು ವೆಬ್‌ಸೈಟ್‌ಗಳು ಮಾಹಿತಿಯನ್ನು ಪೋಸ್ಟ್ ಕಾರ್ಡಿನಂತೆ ತೆರೆದೇ ಕಳಿಸುತ್ತಿದ್ದವು. ಈಗ ಹೆಚ್ಚಿನವು ಎಚ್‌ಟಿಟಿಪಿಎಸ್ ಬಳಸುತ್ತವೆ. ಇದು ಅಂಟಿಸಿದ ಇನ್‌ಲ್ಯಾಂಡ್ ಲೆಟರ್ ಇದ್ದಂತೆ. ವೈ-ಫೈ ನಡೆಸುವವರಿಗೆ ನೀವು ಯಾವ ಸೈಟಿಗೆ ಹೋದಿರಿ ಎಂಬ ವಿಳಾಸ ಕಾಣಬಹುದು, ಒಳಗಿನ ಪಾಸ್‌ವರ್ಡ್ ಕಾಣುವುದಿಲ್ಲ. ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳ ಮಾಹಿತಿಯೂ ಗೂಢಲಿಪಿಯಲ್ಲೇ ಹೋಗುತ್ತದೆ.

ಹಾಗಾದರೆ ಅಪಾಯ ಎಲ್ಲಿದೆ?

ಹೋಟೆಲಿನ ವೈ-ಫೈ ಹೆಸರನ್ನೇ ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟ್‌ಗೆ ಇಟ್ಟು, ನಕಲಿ ಲಾಗಿನ್ ಪುಟ ತೋರಿಸಬಹುದು. ರೈಲು ನಿಲ್ದಾಣಗಳ ರೈಲ್‌ವೈರ್‌ನಂಥ ಸೇವೆ ಮೊಬೈಲ್ ನಂಬರ್ ಕೇಳಿ ಓಟಿಪಿ ಕಳಿಸುವುದು ಸಹಜ. ಆದರೆ ಉಚಿತ ವೈ-ಫೈಗೆ ಯುಪಿಐ ಪಿನ್, ಎಟಿಎಂ ಕಾರ್ಡ್ ನಂಬರ್ ಬೇಕಾಗುವುದೇ ಇಲ್ಲ. ಕೇಳಿದರೆ ಅದು ಮೋಸ.

ಬೀಗದ ಚಿತ್ರ ಇದ್ದರೆ ಸೈಟ್ ಅಸಲಿ ಎಂಬುದೂ ತಪ್ಪು. ಮೋಸದ ಸೈಟ್‌ಗಳೂ ಬೀಗ ಹಾಕಿಕೊಂಡೇ ಬರುತ್ತವೆ. ಹಾಗಾಗಿಯೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನ ವಿಳಾಸ ಪಟ್ಟಿಯಿಂದ ಬೀಗದ ಚಿತ್ರ ತೆಗೆದುಹಾಕಿತು.

ನಾವು ಏನು ಮಾಡಬೇಕು?

• ವೈ-ಫೈ ಹೆಸರನ್ನು ಅಂಗಡಿಯವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.
• ಓಟಿಪಿ ಬಂದರೆ ಆ ಎಸ್‌ಎಂಎಸ್ ಪೂರ್ತಿ ಓದಿ. ಬ್ಯಾಂಕಿನದ್ದೋ ವಾಟ್ಸ್‌ಆ್ಯಪ್‌ನದ್ದೋ ಆಗಿದ್ದರೆ ವೈ-ಫೈ ಪುಟದಲ್ಲಿ ಹಾಕಬೇಡಿ.
• "ಇಂಟರ್‌ನೆಟ್‌ಗಾಗಿ ಈ ಆ್ಯಪ್ ಹಾಕಿಕೊಳ್ಳಿ" ಎಂದು ಬರುವ ಎಪಿಕೆ ಫೈಲ್ ಮುಟ್ಟಬೇಡಿ.
• ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದರೆ ಮುಂದುವರಿಯದೆ ಹಿಂದಕ್ಕೆ ಬನ್ನಿ.
• ಹಣ ಕಳಿಸುವಾಗ ಸಾಧ್ಯವಾದರೆ ಮೊಬೈಲ್ ಡೇಟಾ ಬಳಸಿ.
• ಹೊರಡುವಾಗ ಸೆಟ್ಟಿಂಗ್ಸ್‌ನಲ್ಲಿ ಆ ವೈ-ಫೈಯನ್ನು 'ಫರ್ಗೆಟ್' ಮಾಡಿ. ಇಲ್ಲವಾದರೆ ಅದೇ ಹೆಸರಿನ ನಕಲಿ ವೈ-ಫೈ ಸಿಕ್ಕಾಗ ಫೋನ್ ತಾನಾಗಿಯೇ ಕನೆಕ್ಟ್ ಆಗಬಹುದು.

ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹೆದರಿಸುವ ಫಾರ್ವರ್ಡ್ ಬದಲು ಈ ನಂಬರ್ ಅನ್ನು ಮನೆಯವರಿಗೆಲ್ಲ ಕಳಿಸಿ.