ಆಟದ ಪಿರಿಯಡ್ಡೂ ನಿಮ್ಮ ಎಲುಬೂ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ನಿಮ್ಮ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಯಾವುದು? ಆಟದ ಪಿರಿಯಡ್. ಗಣಿತದ ಮೇಷ್ಟ್ರು ಅದನ್ನು ಸಾಲ ಕೇಳುತ್ತಾರೆ. ಹಿಂದಿರುಗಿಸಿದ್ದನ್ನು ಕಂಡವರು ಕಡಿಮೆ! ಪಾಠವನ್ನೇನೋ ಮುಂದೆಯೂ ಓದಿಕೊಳ್ಳಬಹುದು. ಎಲುಬಿನ ವಿಷಯ ಹಾಗಲ್ಲ.

ಎಲುಬು ಜೀವಂತ ಅಂಗಾಂಶ. ಖೋ ಖೋ ಆಡುವಾಗ ನೀವು ಕುಳಿತಲ್ಲಿಂದ ಚಿಮ್ಮಿ, ಓಡಿ, ಕಂಬ ಹಿಡಿದು ತಿರುಗುತ್ತೀರಲ್ಲವೇ? ಆಗ ಕಾಲಿನ ಎಲುಬುಗಳ ಮೇಲೆ ಬೀಳುವ ಒತ್ತಡವನ್ನು ಅವುಗಳೊಳಗಿನ ಜೀವಕೋಶಗಳು ಗ್ರಹಿಸುತ್ತವೆ. ಒತ್ತಡ ಬಿದ್ದ ಕಡೆ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಚಿಕ್ಕಂದಿನಿಂದ ಟೆನಿಸ್ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪಗಿರುವುದು ಇದೇ ಕಾರಣಕ್ಕೆ. ಈ ಗಳಿಕೆಯ ಬಹುಪಾಲು ಇಪ್ಪತ್ತರ ಹೊತ್ತಿಗೆ ಮುಗಿದಿರುತ್ತದೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ, ಖರ್ಚೇ ಹೆಚ್ಚು.

ಆದರೂ ಮೈದಾನದ ಅಂಚಿನಲ್ಲಿ ನಿಂತು ನೋಡುವವರಲ್ಲಿ ಹುಡುಗಿಯರೇ ಹೆಚ್ಚು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. 2016ರ ಜಾಗತಿಕ ಅಂಕಿಗಳಂತೆ, 11ರಿಂದ 17 ವರ್ಷದವರಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದ ಹುಡುಗರು ಶೇ. 78, ಹುಡುಗಿಯರು ಶೇ. 85.

ನಿಮ್ಮ ಶಾಲೆಗೆ ಮೈದಾನವೇ ಇಲ್ಲವೇ? ಹಗ್ಗದಾಟಕ್ಕೆ ಚಾಪೆ ಹಾಸುವಷ್ಟು ಜಾಗ ಸಾಕು. ಅದನ್ನು ಹುಡುಗರೂ ಆಡಬಹುದು.