ಮುಕ್ತ ತಂತ್ರಾಂಶ ಮತ್ತು ಸಣ್ಣ ಉದ್ಯಮ: ಬಳಸುವವರೂ ಕೈಜೋಡಿಸಬೇಕಾದ ಕಾರ್ಯ

ಮಾಲೂರಿನ ಹೆಂಚು ಮತ್ತು ಇಟ್ಟಿಗೆ ತಯಾರಕರಿಗೆ 2022ರ ಏಪ್ರಿಲ್ 1 ಮರೆಯಲಾಗದ ದಿನ. ಅಂದಿನಿಂದ ಕಟ್ಟಡದ ಇಟ್ಟಿಗೆ ಹಾಗೂ ಮಣ್ಣಿನ ಹೆಂಚುಗಳ ಮೇಲಿನ ಜಿ.ಎಸ್.ಟಿ. ಎರಡು ದಾರಿಗಳಾಗಿ ಒಡೆಯಿತು. ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆಯನ್ನು ಬಿಟ್ಟುಕೊಟ್ಟವರಿಗೆ ಶೇ. 6, ಜಮೆ ಪಡೆಯಬಯಸುವವರಿಗೆ ಶೇ. 12. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಿದ್ದ ಕೇಂದ್ರದ ಸುತ್ತೋಲೆಯೊಂದು ಶ್ರೀನಿವಾಸಪುರದ ಮಾವಿನ ವ್ಯಾಪಾರಕ್ಕೂ ಸಂಬಂಧಿಸಿದ್ದಾಗಿತ್ತು. ತಾಜಾ ಮಾವಿನ ಹಣ್ಣಿಗೆ ತೆರಿಗೆ ಇಲ್ಲ, ಹೋಳು ಮಾಡಿ ಒಣಗಿಸಿದ ಮಾವಿಗೆ ಶೇ. 5, ಮಾವಿನ ತಿರುಳಿಗೆ ಶೇ. 12 ಎಂದು ಅದು ಸ್ಪಷ್ಟಪಡಿಸಿತು. ಮುಂದೆ 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳನ್ನೇ ಬಹುಮಟ್ಟಿಗೆ ತೆಗೆದುಹಾಕಿ ದರಪಟ್ಟಿಯನ್ನು ಮತ್ತೆ ಹೊಂದಿಸಲಾಯಿತು.

ಇಂತಹ ಪ್ರತಿಯೊಂದು ಬದಲಾವಣೆಯೂ ಅಂಗಡಿಯ ಗಣಕಯಂತ್ರದೊಳಗೆ ನಡೆಯಬೇಕು. ಅದನ್ನು ಯಾರು ಮಾಡುತ್ತಾರೆ, ಎಷ್ಟು ದಿನದಲ್ಲಿ ಮಾಡುತ್ತಾರೆ, ಅದಕ್ಕೆ ಎಷ್ಟು ಹಣ ಕೇಳುತ್ತಾರೆ ಎಂಬುದು ಈಗ ವ್ಯಾಪಾರದ ಲಾಭನಷ್ಟಗಳನ್ನು ಮುಟ್ಟುವ ಪ್ರಶ್ನೆಯಾಗಿದೆ. ತಂತ್ರಾಂಶ ಬರೆದುಕೊಟ್ಟ ಒಬ್ಬನೇ ಯುವಕ ಬೆಂಗಳೂರಿಗೋ ಹೊರದೇಶಕ್ಕೋ ಹೊರಟುಹೋದ ಮೇಲೆ ಹತ್ತು ವರ್ಷಗಳ ಲೆಕ್ಕ ಬೀಗ ಹಾಕಿದ ಪೆಟ್ಟಿಗೆಯಾಗಿ ಉಳಿಯುವ ಸ್ಥಿತಿ ಸಣ್ಣ ಪಟ್ಟಣಗಳ ವರ್ತಕರಿಗೆ ಹೊಸತಲ್ಲ. ಈ ಪರಾವಲಂಬನೆಗೆ ಇರುವ ಉತ್ತರಗಳಲ್ಲಿ ಮುಕ್ತ ತಂತ್ರಾಂಶವೂ ಒಂದು. ಆದರೆ ಅದು ಪುಕ್ಕಟೆಯಾಗಿ ದೊರೆಯುವ ಸರಕು ಎಂದಷ್ಟೇ ತಿಳಿದವರಿಗೆ ಅದರ ಅರ್ಧ ಪ್ರಯೋಜನವೂ ದಕ್ಕುವುದಿಲ್ಲ.

ಚೌಕಟ್ಟು ಎಂದರೇನು?

ಹೆಂಚಿನ ಕಾರ್ಖಾನೆಯಲ್ಲಿ ಪ್ರತಿ ಹೆಂಚಿಗೂ ಹೊಸ ಅಚ್ಚು, ಹೊಸ ಗೂಡು ಕಟ್ಟುವವರಿಲ್ಲ. ಅಚ್ಚು ಮತ್ತು ಗೂಡು ಒಮ್ಮೆ ಸಿದ್ಧವಾದರೆ ಬೇಕಾದಷ್ಟು ಮಾಲು ತೆಗೆಯಬಹುದು. ಅಂತರ್ಜಾಲದ ಮೂಲಕ ಕೆಲಸ ಮಾಡುವ ತಂತ್ರಾಂಶಗಳಲ್ಲಿಯೂ ಹೀಗೆಯೇ. ಬಳಕೆದಾರರ ಹೆಸರು ಮತ್ತು ಗುಪ್ತಪದ ಪರಿಶೀಲಿಸುವುದು, ಮಾಹಿತಿಯನ್ನು ಕ್ರಮವಾಗಿ ಸಂಗ್ರಹಿಸುವುದು, ಯಾರು ಯಾವುದನ್ನು ನೋಡಬಹುದೆಂದು ನಿರ್ಬಂಧಿಸುವುದು, ಬಿಲ್ಲು ಮುದ್ರಿಸುವುದು ಮುಂತಾದ ಕೆಲಸಗಳು ಎಲ್ಲೆಡೆ ಒಂದೇ. ಇವನ್ನೆಲ್ಲ ಮೊದಲೇ ಮಾಡಿಟ್ಟ ಸಿದ್ಧ ರಚನೆಗೆ ‘ವೆಬ್ ಫ್ರೇಮ್‌ವರ್ಕ್’ ಅಥವಾ ಚೌಕಟ್ಟು ಎನ್ನುತ್ತಾರೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ, ಹಂಚಲು ಪರವಾನಗಿ ಇದ್ದರೆ ಅದು ಮುಕ್ತ ಚೌಕಟ್ಟು.

ಇಂತಹ ಚೌಕಟ್ಟುಗಳು ಹುಟ್ಟಿದ್ದು ಪ್ರಯೋಗಶಾಲೆಗಳಿಗಿಂತ ಹೆಚ್ಚಾಗಿ ದಿನನಿತ್ಯದ ಕೆಲಸದ ಒತ್ತಡದಲ್ಲಿ ಎಂಬುದು ಗಮನಾರ್ಹ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಜ್ಯಾಂಗೋ’ 2003ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ ರೂಪುಗೊಂಡಿತು. ಸುದ್ದಿಮನೆಯ ಗಡುವಿನೊಳಗೆ ಜಾಲತಾಣದ ಪುಟಗಳನ್ನು ಸಿದ್ಧಪಡಿಸುವ ಅಗತ್ಯವೇ ಅದಕ್ಕೆ ಮೂಲ. 2005ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಲಾಯಿತು. 2008ರಲ್ಲಿ ಅದರ ಪಾಲನೆಗೆ ಲಾಭೋದ್ದೇಶವಿಲ್ಲದ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು.

ಪೀಠೋಪಕರಣದ ಉದ್ಯಮದಿಂದ ಬಂದ ‘ಫ್ರಾಪೆ’

ಸಣ್ಣ ತಯಾರಕರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ನಮ್ಮ ದೇಶದ್ದೇ. ಮುಂಬಯಿಯ ಇಂಜಿನಿಯರ್ ರುಷಭ್ ಮೆಹ್ತಾ ಅವರ ಕುಟುಂಬದ್ದು ಪೀಠೋಪಕರಣದ ಉದ್ಯಮ. ಆ ಉದ್ಯಮಕ್ಕೆ ಹೊಂದುವ ಲೆಕ್ಕ ಮತ್ತು ದಾಸ್ತಾನಿನ ತಂತ್ರಾಂಶ ದೊರೆಯದಿದ್ದಾಗ ಅವರು ತಾವೇ ಬರೆಯತೊಡಗಿದರು. 2008ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ‘ಇ.ಆರ್.ಪಿ.ನೆಕ್ಸ್ಟ್’ ಎಂಬ ಉದ್ಯಮ ನಿರ್ವಹಣಾ ತಂತ್ರಾಂಶವೂ ಅದಕ್ಕೆ ಅಡಿಪಾಯವಾದ ‘ಫ್ರಾಪೆ’ ಎಂಬ ಚೌಕಟ್ಟೂ ಅಲ್ಲಿಂದ ಬೆಳೆದವು. ಎರಡೂ ಮುಕ್ತವಾಗಿವೆ.

ಫ್ರಾಪೆಯ ಮೂಲ ಕಲ್ಪನೆ ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು. ಅದರಲ್ಲಿ ಪ್ರತಿಯೊಂದೂ ಒಂದು ‘ದಾಖಲೆಯ ನಮೂನೆ’. ಬಿಲ್ಲು, ರಸೀದಿ, ಗ್ರಾಹಕ, ಸರಕು ಎಲ್ಲವೂ ನಮೂನೆಗಳೇ. ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದ ಟೊಮೆಟೊ ಮಂಡಿಯೊಂದು ರೈತರಿಗೆ ಕೊಡುವ ಪಟ್ಟಿಯನ್ನೇ ತೆಗೆದುಕೊಳ್ಳಬಹುದು. ರೈತನ ಹೆಸರು, ಊರು, 15 ಕಿಲೋ ಬಾಕ್ಸ್‌ಗಳ ಸಂಖ್ಯೆ, ಹರಾಜಿನ ದರ, ಲಾರಿ ಬಾಡಿಗೆ, ಕೊಟ್ಟ ಮುಂಗಡ, ಉಳಿದ ಬಾಕಿ ಎಂದು ಕಲಮುಗಳನ್ನು ನಮೂದಿಸಿದರೆ ಸಾಕು. ತುಂಬುವ ಪರದೆ, ಸಂಗ್ರಹದ ಕೋಷ್ಟಕ, ಮುದ್ರಣದ ವಿನ್ಯಾಸ, ಗುಮಾಸ್ತನಿಗೂ ಮಾಲೀಕನಿಗೂ ಬೇರೆ ಬೇರೆ ಅಧಿಕಾರ ಇವೆಲ್ಲವನ್ನೂ ಚೌಕಟ್ಟು ತಾನೇ ಕಟ್ಟಿಕೊಡುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಒಂದು ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿತ್ತು. ದರ ಹೀಗೆ ಏರಿಳಿಯುವ ವ್ಯಾಪಾರದಲ್ಲಿ ಪ್ರತಿ ರೈತನ ಬಾಕಿಯನ್ನು ಅಂದಂದೇ ಖಚಿತವಾಗಿ ತಿಳಿಯುವುದು ಮಂಡಿಯ ವಿಶ್ವಾಸಾರ್ಹತೆಯ ವಿಷಯ.

ಬಿತ್ತಿದವರು ಕೆಲವರು, ಬೆಳೆಸಿದವರು ಹಲವರು

ಒಂದು ಸಂಸ್ಥೆ ಆರಂಭಿಸಿದರೂ ಇಂತಹ ಯೋಜನೆ ಬದುಕುವುದು ಸಮುದಾಯದಿಂದ. ಬಳಸುವಾಗ ಕಂಡ ದೋಷವನ್ನು ಒಬ್ಬರು ವಿವರವಾಗಿ ವರದಿ ಮಾಡುತ್ತಾರೆ. ಇನ್ನೊಬ್ಬರು ಅದೇ ದೋಷವನ್ನು ತಮ್ಮ ಯಂತ್ರದಲ್ಲಿ ಮರುಕಳಿಸಿ ಖಚಿತಪಡಿಸುತ್ತಾರೆ. ಮೂರನೆಯವರು ತಿದ್ದುಪಡಿ ಬರೆದು ಸಲ್ಲಿಸುತ್ತಾರೆ. ಮೂಲ ಪಾಲಕರು ಅದನ್ನು ಪರಿಶೀಲಿಸಿ, ಪರೀಕ್ಷೆಗಳಲ್ಲಿ ಉತ್ತೀರ್ಣವಾದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಒಮ್ಮೆ ಸೇರಿದ ತಿದ್ದುಪಡಿ ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಲಭ್ಯ.

ಕೋಲಾರ ಸೀಮೆಯ ಜನರಿಗೆ ಈ ಕ್ರಮ ಅಪರಿಚಿತವಲ್ಲ. ಕೆರೆಗಳನ್ನೇ ನಂಬಿ ಬೆಳೆದ ನಾಡಿದು. ಕೆರೆ ಊರಿನ ಸ್ವತ್ತು. ತೂಬು ತೆರೆಯುವ ಹೊಣೆ ನೀರುಗಂಟಿಯದು. ಹೂಳೆತ್ತುವ, ಕಟ್ಟೆ ಭದ್ರಪಡಿಸುವ ಕೆಲಸ ಎಲ್ಲರದು. ನೀರು ಹಾಯಿಸಿಕೊಂಡವರು ಹೂಳೆತ್ತಲು ಬರದೆ ಹೋದ ಊರುಗಳಲ್ಲಿ ಕೆರೆಗಳ ಗತಿ ಏನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಮುಕ್ತ ತಂತ್ರಾಂಶದ ಪಾಲಕರೂ ನೀರುಗಂಟಿಯ ಸ್ಥಾನದಲ್ಲಿರುವವರೇ.

ತೆರಿಗೆಯ ವಿಷಯದಲ್ಲಿ ಈ ಸಹಭಾಗಿತ್ವದ ಫಲ ನೇರವಾಗಿ ಕಾಣಿಸುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂತು, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ಲು ಬಂತು, ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಂದ ಆರಂಭವಾಗಿ 2023ರ ಆಗಸ್ಟ್ 1ರಿಂದ 5 ಕೋಟಿಗೆ ಮೀರಿದವರನ್ನೂ ಒಳಗೊಂಡಿತು. ಮುಳಬಾಗಿಲಿನ ವರ್ತಕ ಕೋಲಾರಕ್ಕೆ ಮಾಲು ಕಳುಹಿಸಿದರೆ ಕೇಂದ್ರ ಮತ್ತು ರಾಜ್ಯ ಎಂದು ಎರಡು ತೆರಿಗೆ. ಅದೇ ಮಾಲು ನಂಗಲಿ ದಾಟಿ ಆಂಧ್ರದ ಪಲಮನೇರಿಗೆ ಹೋದರೆ ಒಂದೇ ಅಂತರರಾಜ್ಯ ತೆರಿಗೆ. ಇಂತಹ ನಿಯಮಗಳು ಬೇರೆ ದೇಶಗಳಲ್ಲಿರುವ ಬಳಕೆದಾರರಿಗೆ ಬೇಕಿಲ್ಲ. ಆದ್ದರಿಂದ 2022ರ 14ನೆಯ ಆವೃತ್ತಿಯ ಹೊತ್ತಿಗೆ ಭಾರತದ ತೆರಿಗೆ ನಿಯಮಗಳನ್ನು ಇ.ಆರ್.ಪಿ.ನೆಕ್ಸ್ಟ್‌ನ ಮೂಲದಿಂದ ಬೇರ್ಪಡಿಸಿ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಪ್ರತ್ಯೇಕ ಮುಕ್ತ ತಂತ್ರಾಂಶವಾಗಿ ರೂಪಿಸಲಾಯಿತು. ಅದರ ಹೊಣೆಯನ್ನು ಹೊತ್ತದ್ದು ಮೂಲ ಸಂಸ್ಥೆಯಲ್ಲ. ಸಮುದಾಯದೊಳಗಿನ ಮತ್ತೊಂದು ಸಂಸ್ಥೆ. ನಿಯಮ ಬದಲಾದಾಗ ಒಂದೆಡೆ ಮಾಡಿದ ತಿದ್ದುಪಡಿ ದೇಶದ ಎಲ್ಲ ಬಳಕೆದಾರರಿಗೂ ತಲುಪುತ್ತದೆ.

ಅಪಾಯಗಳೂ ಉಂಟು

ಮುಕ್ತ ತಂತ್ರಾಂಶದಲ್ಲಿ ಎಲ್ಲವೂ ಸುಗಮ ಎಂದು ಭಾವಿಸಬೇಕಾಗಿಲ್ಲ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಭದ್ರತಾ ದೋಷ ಬಯಲಾದಾಗ, ಜಗತ್ತಿನ ಅಂತರ್ಜಾಲ ವ್ಯವಹಾರದ ಬಹುಪಾಲು ಅವಲಂಬಿಸಿದ್ದ ‘ಓಪನ್ ಎಸ್.ಎಸ್.ಎಲ್.’ ತಂತ್ರಾಂಶವನ್ನು ಬೆರಳೆಣಿಕೆಯ ಜನರು ನೋಡಿಕೊಳ್ಳುತ್ತಿದ್ದರೆಂಬುದು ಎಲ್ಲರಿಗೂ ತಿಳಿಯಿತು. 2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಜೆ’ ಪ್ರಕರಣದಲ್ಲಿಯೂ ರಾತ್ರಿ ಹಗಲೆನ್ನದೆ ದುರಸ್ತಿ ಮಾಡಿದವರು ಸ್ವಯಂಸೇವಕರೇ. ಕೋಟ್ಯಂತರ ರೂಪಾಯಿ ಲಾಭ ಪಡೆಯುವ ಸಂಸ್ಥೆಗಳು ಅವರಿಗಾಗಿ ಅಲ್ಲಿಯವರೆಗೆ ಕಿಂಚಿತ್ತು ಖರ್ಚು ಮಾಡಿದ್ದೂ ಅಪರೂಪ.

ಪರವಾನಗಿಯೂ ಬದಲಾಗಬಹುದು. ಫ್ರಾಪೆ ಸೇರಿದಂತೆ ಹಲವು ಯೋಜನೆಗಳು ಬಳಸುವ ‘ರೆಡಿಸ್’ ಎಂಬ ಸಂಗ್ರಹ ತಂತ್ರಾಂಶದ ಒಡೆತನದ ಕಂಪನಿ 2024ರ ಮಾರ್ಚ್‌ನಲ್ಲಿ ತನ್ನ ಮುಕ್ತ ಪರವಾನಗಿಯನ್ನು ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ಸಮುದಾಯದವರು ಹಳೆಯ ಸಂಕೇತದಿಂದಲೇ ‘ವಾಲ್ಕಿ’ ಎಂಬ ಕವಲನ್ನು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಆರಂಭಿಸಿದರು. 2025ರ ಮೇ ತಿಂಗಳಲ್ಲಿ ಕಂಪನಿಯು ಮತ್ತೆ ಮುಕ್ತ ಪರವಾನಗಿಯೊಂದಕ್ಕೆ ಮರಳಿತು. ಒಡೆಯರು ಬಾಗಿಲು ಮುಚ್ಚಿದರೂ ಬಳಕೆದಾರರು ಬೀದಿಪಾಲಾಗಬೇಕಿಲ್ಲ. ಆದರೆ ಕೆಲಸ ಬಲ್ಲ ಸಮುದಾಯವಿದ್ದಲ್ಲಿ ಮಾತ್ರ ಈ ರಕ್ಷಣೆ ಸಾಧ್ಯ.

ಹಣ ಎಲ್ಲಿಂದ?

ಪಾಲಕರಿಗೂ ಹೊಟ್ಟೆಪಾಡಿದೆ. ಜ್ಯಾಂಗೋ ಪ್ರತಿಷ್ಠಾನವು ದೇಣಿಗೆಯ ಹಣದಿಂದ ವೇತನ ಕೊಟ್ಟು ನಿರ್ವಹಣೆಯ ಕೆಲಸಕ್ಕೆ ‘ಫೆಲೋ’ಗಳನ್ನು ನೇಮಿಸುವ ಪದ್ಧತಿಯನ್ನು 2014ರಲ್ಲಿ ಆರಂಭಿಸಿತು. ಕರ್ನಾಟಕದಲ್ಲಿಯೂ ಉದಾಹರಣೆ ಇದೆ. ಇ.ಆರ್.ಪಿ.ನೆಕ್ಸ್ಟ್ ಬಳಸುವ ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ 2020ರಲ್ಲಿ ಫ್ರಾಪೆ ಸಂಸ್ಥೆಯಲ್ಲಿ ಬಂಡವಾಳ ಹೂಡಿತು. ಅದೇ ವರ್ಷ ಎರಡೂ ಸಂಸ್ಥೆಗಳ ಬೆಂಬಲದಿಂದ ‘ಫಾಸ್ ಯುನೈಟೆಡ್’ ಎಂಬ ಲಾಭೋದ್ದೇಶವಿಲ್ಲದ ಪ್ರತಿಷ್ಠಾನ ಹುಟ್ಟಿತು. ಅದು ಬೆಂಗಳೂರಿನಲ್ಲಿ ‘ಇಂಡಿಯಾ ಫಾಸ್’ ಸಮ್ಮೇಳನಗಳನ್ನು ನಡೆಸುತ್ತ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಜೆರೋಧಾ ಜಗತ್ತಿನ ಮುಕ್ತ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ನೀಡುವ ನಿಧಿಯನ್ನು ಘೋಷಿಸಿತು. ತಾನು ಯಾವುದರ ಮೇಲೆ ನಿಂತಿದ್ದೇನೋ ಅದನ್ನು ಭದ್ರಪಡಿಸುವುದು ವ್ಯಾಪಾರದ ವಿವೇಕವೂ ಹೌದು.

ಸಣ್ಣ ವರ್ತಕರು ಏನು ಮಾಡಬಹುದು?

ಡಾಲರ್ ಲೆಕ್ಕದ ದೇಣಿಗೆ ಎಲ್ಲರಿಗೂ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಸಂಕೇತ ಬರೆಯಲು ಬಾರದವರೂ ಮಾಡಬಹುದಾದ ಕೆಲಸಗಳು ಹಲವು.

ಮೊದಲನೆಯದು, ದೋಷದ ವರದಿ. ‘ಕೆಲಸ ಮಾಡುತ್ತಿಲ್ಲ’ ಎಂಬ ದೂರಿನಿಂದ ಪ್ರಯೋಜನವಿಲ್ಲ. ಯಾವ ಆವೃತ್ತಿ, ಏನು ತುಂಬಿದಾಗ ಏನಾಯಿತು, ಏನಾಗಬೇಕಿತ್ತು ಎಂಬ ಮೂರು ಅಂಶಗಳಿದ್ದರೆ ಅದೇ ದೊಡ್ಡ ಕೊಡುಗೆ. ಒಂದೇ ಕಾರ್ಖಾನೆ ಶೇ. 6 ಮತ್ತು ಶೇ. 12ರ ದಾರಿಗಳಲ್ಲಿ ಒಂದನ್ನು ಆರಿಸಿಕೊಂಡಾಗ ಬಿಲ್ಲು ಹೇಗಿರಬೇಕೆಂಬುದು ಮಾಲೂರಿನ ತಯಾರಕರಿಗೆ ತಿಳಿದಿರುವಷ್ಟು ದೂರದ ಸಂಕೇತಕಾರರಿಗೆ ತಿಳಿದಿರುವುದಿಲ್ಲ.

ಎರಡನೆಯದು, ಭಾಷೆ. ಜ್ಯಾಂಗೋ ಮತ್ತು ಇ.ಆರ್.ಪಿ.ನೆಕ್ಸ್ಟ್ ಎರಡರಲ್ಲಿಯೂ ಕನ್ನಡ ಅನುವಾದದ ಕಡತಗಳಿಗೆ ಸ್ಥಾನವಿದೆ. ಯಂತ್ರದಿಂದಲೋ ನಿಘಂಟಿನಿಂದಲೋ ಮಾಡಿದ ಅನುವಾದ ಗುಮಾಸ್ತರಿಗೆ ಅರ್ಥವಾಗುವುದು ಕಷ್ಟ. ದಾಸ್ತಾನು, ಬಾಕಿ, ಮುಂಗಡ, ಜಮೆ, ಖರ್ಚು, ಪಟ್ಟಿ ಮೊದಲಾದ ಮಾತುಗಳು ಎಲ್ಲಿ ಹೇಗೆ ಬರಬೇಕೆಂದು ಬಲ್ಲವರು ಪೇಟೆಯಲ್ಲಿಯೇ ಇದ್ದಾರೆ. ವಾಣಿಜ್ಯ ಪದವಿಯ ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡರೆ ಈ ಕೆಲಸ ಬಿಡುವಿನ ವೇಳೆಯಲ್ಲಿಯೇ ಸಾಗುತ್ತದೆ.

ಮೂರನೆಯದು, ಹಂಚಿಕೆಯ ಖರ್ಚು. ಪರವಾನಗಿ ಶುಲ್ಕವಿಲ್ಲದಿದ್ದರೂ ಸರ್ವರ್, ಅಳವಡಿಕೆ, ತರಬೇತಿ, ಪ್ರತಿದಿನದ ನಕಲು ಪ್ರತಿ ಇವಕ್ಕೆ ಹಣ ಬೇಕೇ ಬೇಕು. ಹತ್ತು ಮಂಡಿಗಳು ಅಥವಾ ಹತ್ತು ಹೆಂಚಿನ ಕಾರ್ಖಾನೆಗಳು ಬೇರೆ ಬೇರೆಯಾಗಿ ಹತ್ತು ತಂತ್ರಾಂಶ ಬರೆಸುವ ಬದಲು ಒಟ್ಟುಗೂಡಿ ಒಬ್ಬ ತಂತ್ರಜ್ಞನನ್ನು ನೇಮಿಸಿ, ಒಂದೇ ನಮೂನೆಯನ್ನು ಸಿದ್ಧಪಡಿಸಿಕೊಳ್ಳಬಹುದು. ಪ್ರತಿಯೊಬ್ಬರ ಲೆಕ್ಕ ಅವರವರ ಬಳಿಯೇ ಗುಟ್ಟಾಗಿರುತ್ತದೆ. ಹಂಚಿಕೊಳ್ಳುವುದು ನಮೂನೆಯನ್ನು ಮಾತ್ರ.

ನಾಲ್ಕನೆಯದು, ಕರಾರು. ಫ್ರಾಪೆಗೆ ‘ಎಂ.ಐ.ಟಿ.’, ಇ.ಆರ್.ಪಿ.ನೆಕ್ಸ್ಟ್‌ಗೆ ‘ಜಿ.ಪಿ.ಎಲ್.’ ಮೂರನೆಯ ಆವೃತ್ತಿಯ ಪರವಾನಗಿ ಇದೆ. ಎರಡನೆಯದನ್ನು ತಿದ್ದಿ ತಮ್ಮ ಕಚೇರಿಯಲ್ಲಿಯೇ ಬಳಸುವವರು ಯಾರಿಗೂ ಸಂಕೇತ ಒಪ್ಪಿಸಬೇಕಿಲ್ಲ. ತಿದ್ದಿದ್ದನ್ನು ಇತರರಿಗೆ ವಿತರಿಸುವವರು ಮಾತ್ರ ಅದೇ ಪರವಾನಗಿಯಡಿ ಸಂಕೇತವನ್ನೂ ಕೊಡಬೇಕು. ಯಾವ ತಂತ್ರಜ್ಞರಿಂದ ಕೆಲಸ ಮಾಡಿಸಿದರೂ ಮೂಲ ಸಂಕೇತ, ಮಾಹಿತಿಯ ಪೂರ್ಣ ಪ್ರತಿ ಹಾಗೂ ಸರ್ವರ್‌ನ ಗುಪ್ತಪದ ಮಾಲೀಕರ ಕೈಯಲ್ಲಿರಬೇಕೆಂಬ ಷರತ್ತನ್ನು ಲಿಖಿತವಾಗಿ ಸೇರಿಸುವುದು ಒಳಿತು.

ದಿನಕ್ಕೆ ನಾಲ್ಕಾರು ಬಿಲ್ಲು ಬರೆಯುವ ಅಂಗಡಿಗೆ ಇಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ ಎಂಬುದೂ ನಿಜ. ದಾಸ್ತಾನು, ಉತ್ಪಾದನೆ, ಹಲವು ಗೋದಾಮು, ಹೊರರಾಜ್ಯದ ವಹಿವಾಟು ಇವುಗಳ ಲೆಕ್ಕ ಪುಸ್ತಕದ ಅಳತೆ ಮೀರಿದವರು ಇದನ್ನು ಪರಿಶೀಲಿಸಬಹುದು. ಮೊದಲು ಒಂದು ವಿಭಾಗದಲ್ಲಿ, ಹಳೆಯ ಲೆಕ್ಕದ ಜೊತೆಜೊತೆಗೆ ಎರಡು ಮೂರು ತಿಂಗಳು ನಡೆಸಿ ತಾಳೆ ನೋಡಿದ ನಂತರವೇ ಪೂರ್ಣವಾಗಿ ಬದಲಾಯಿಸುವುದು ಜಾಣತನ.

ಕೋಲಾರದ ಟೊಮೆಟೊ, ಮಾಲೂರಿನ ಹೆಂಚು, ಮುಳಬಾಗಿಲಿನ ಗಡಿ ವ್ಯಾಪಾರ, ಶ್ರೀನಿವಾಸಪುರದ ಮಾವು ಇವುಗಳ ಲೆಕ್ಕದ ರೀತಿ ಬೇರೆಲ್ಲಿಯೂ ಬರೆದಿಟ್ಟಿಲ್ಲ. ಅದು ಇಲ್ಲಿನ ವರ್ತಕರ ಅನುಭವದಲ್ಲಿದೆ. ಆ ಅನುಭವ ತಂತ್ರಾಂಶದೊಳಗೆ ಸೇರಬೇಕಾದರೆ ಅದನ್ನು ಬಲ್ಲವರೇ ಮುಂದೆ ಬರಬೇಕು. ಬೆಂಗಳೂರು ದೂರವಿಲ್ಲ, ಕಲಿತ ಯುವಕರೂ ಊರಲ್ಲಿದ್ದಾರೆ. ನಾಲ್ಕು ಪಟ್ಟಣಗಳ ವರ್ತಕರು ಕೂಡಿ ಕುಳಿತು ತಮ್ಮ ನಮೂನೆಗಳನ್ನು ಪಟ್ಟಿ ಮಾಡುವುದರಿಂದಲೇ ಈ ಕೆಲಸ ಆರಂಭವಾಗಬಹುದು. ಅದಕ್ಕೆ ಬೇಕಾಗಿರುವುದು ಒಂದು ಕೋಣೆ, ಒಂದು ಮಧ್ಯಾಹ್ನ ಮತ್ತು ಪರಸ್ಪರ ನಂಬಿಕೆ.